ಸಿಂಗಪುರ–ನ್ಯೂಯಾರ್ಕ್ ವಿಮಾನ: ದೂರ ಸರಿ ಇದೆ, ಸಮಯದ ಲೆಕ್ಕ ಯಾಕೆ ತಾಳೆ ಆಗ್ತಿಲ್ಲ?

(ಲೆಕ್ಕಿಗ ಎಂಬವರ ಪ್ರಶ್ನೆಗೆ ಗೋಲಾಕಾರ, ಹಿಂಗಾಳಿ, ಗಡಿಯಾರ ಎಂಬ ಹೆಸರಿನವರ ಉತ್ತರ.)

ಲೆಕ್ಕಿಗ: ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ನೇರ ವಿಮಾನ. ಅಕ್ಷಾಂಶ-ರೇಖಾಂಶ ಹಾಕಿ ಲೆಕ್ಕ ಮಾಡಿದರೆ 15,340 ಕಿ.ಮೀ. ಬರುತ್ತೆ. ಗಂಟೆಗೆ 900 ಕಿ.ಮೀ.ನಂತೆ ಭಾಗಿಸಿದರೆ 17 ಗಂಟೆ. ಟಿಕೆಟ್ಟಿನಲ್ಲಿ 18 ದಾಟಿದೆ. ಇಳಿಯುವ ಸಮಯದಿಂದ ಹೊರಡುವ ಸಮಯ ಕಳೆದರೆ ಹೋಗುವಾಗ ಬರೀ ಆರು ಗಂಟೆ, ಬರುವಾಗ ಮೂವತ್ತು! ಎಲ್ಲಿ ಎಡವಿದೆ?

ಗೋಲಾಕಾರ: ದೂರ ಸರಿಯಾಗೇ ಇದೆ. ಚಾಂಗಿ 1.36 ಉ, 103.99 ಪೂ, ಜೆಎಫ್‌ಕೆ 40.64 ಉ, 73.78 ಪ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕೋದು ಮರೆತರೆ, ಇಲ್ಲವೇ ಡಿಗ್ರಿಯನ್ನು ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ) ತಿರುಗಿಸದೆ ಸೂತ್ರಕ್ಕೆ ತುಂಬಿದರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತೆ. ಇನ್ನೊಂದು ಎಚ್ಚರ: ಇದೇ ದೂರ 8,283 ನಾಟಿಕಲ್ ಮೈಲಿ (ಹಡಗು, ವಿಮಾನಗಳ ಲೆಕ್ಕದ ಮೈಲಿ), ಆದರೆ 9,532 ಸಾದಾ ಮೈಲಿ. ಎರಡೂ ಬರೀ 'ಮೈಲಿ' ಅಂತ ಓಡಾಡ್ತವೆ.

ರೇಖಾಂಶದ ಅಂತರ ಸುಮಾರು 178 ಡಿಗ್ರಿ, ಅಂದರೆ ಊರುಗಳು ಭೂಗೋಳದ ಆಚೆ ಬದಿ ಈಚೆ ಬದಿ. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತೆ. ಗೋಡೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಇದು ಕಾಣೋದೇ ಇಲ್ಲ. ಗೋಳದ ಮೇಲೆ ದಾರ ಬಿಗಿಹಿಡಿದು ನೋಡಿ.

ಹಿಂಗಾಳಿ: ಆ ದಾರದ ಮೇಲೇ ಹಾರಬೇಕು ಅಂತೇನಿಲ್ಲ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ವೇಗದ ಗಾಳಿ ಬೀಸುತ್ತೆ, ಚಳಿಗಾಲದಲ್ಲಿ ಜೋರು. ಸಿಂಗಪುರದಿಂದ ಪೆಸಿಫಿಕ್ ಮೇಲೆ ಸಾವಿರ ಕಿ.ಮೀ. ಸುತ್ತಿದರೂ ಹಿಂಗಾಳಿ ಸಿಕ್ಕರೆ ಬೇಗ ತಲುಪಬಹುದು. ಧ್ರುವದ ಆಚೆ-ಈಚೆ ದೂರ ಹೆಚ್ಚುಕಮ್ಮಿ ಒಂದೇ ಆದ್ದರಿಂದ, ಗಾಳಿ ನೋಡಿ ಬದಿ ಆರಿಸುವ ಅನುಕೂಲ ಈ ಜೋಡಿಗಿದೆ.

'ಹೋಗುವಾಗ ಉಳಿದದ್ದು ಬರುವಾಗ ಕಳೆದು ಸರಿಹೋಗುತ್ತೆ' ಅನ್ನೋದೂ ತಪ್ಪು. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಅಂದುಕೊಳ್ಳಿ: ಹಿಂದಿನಿಂದ ಬೀಸಿದರೆ 15.3 ಗಂಟೆ, ಎದುರಾದರೆ 19.2. ಒಟ್ಟು 34.5. ಗಾಳಿಯೇ ಇಲ್ಲದಿದ್ದರೆ 34.1. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರ್ತೀವಲ್ಲ, ಅದಕ್ಕೆ.

ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ. ಟ್ಯಾಕ್ಸಿ (ವಿಮಾನ ನೆಲದ ಮೇಲೆ ಸಾಗೋದು), ರನ್‌ವೇ ಸರದಿ, ನಿಧಾನದ ಏರಿಳಿತ, ದಾರಿಯ ಸುತ್ತು ಎಲ್ಲ ಅದರೊಳಗೇ. ನೇರ ದೂರವನ್ನು 900ರಿಂದ ಭಾಗಿಸಿ ಒಂದರಿಂದ ಒಂದೂವರೆ ಗಂಟೆ ಸೇರಿಸಿದರೆ ಇಷ್ಟು ಉದ್ದದ ಹಾರಾಟಕ್ಕೆ ಅಂದಾಜು ಸಿಗುತ್ತೆ. ಭೂಮಿ ತಿರುಗೋದನ್ನ ಎಳೆದು ತರಬೇಡಿ, ವಾತಾವರಣವೂ ಜೊತೆಗೇ ತಿರುಗುತ್ತೆ.

ಗಡಿಯಾರ: ಆರು-ಮೂವತ್ತರ ಗೊಂದಲಕ್ಕೆ ಮದ್ದು ಒಂದೇ, ಎರಡೂ ಸಮಯವನ್ನ ಮೊದಲು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತನ್ನಿ. ಸಿಂಗಪುರ ವರ್ಷವಿಡೀ ಅದಕ್ಕಿಂತ 8 ಗಂಟೆ ಮುಂದೆ, ಅಂದರೆ +8. ನ್ಯೂಯಾರ್ಕ್ ಬೇಸಿಗೆಯಲ್ಲಿ −4, ಚಳಿಗಾಲದಲ್ಲಿ −5.

ಉದಾಹರಣೆಗೆ, ಜುಲೈನಲ್ಲಿ ಸೋಮವಾರ ರಾತ್ರಿ 10ಕ್ಕೆ ನ್ಯೂಯಾರ್ಕ್ ಬಿಟ್ಟರೆ ಯುಟಿಸಿ ಮಂಗಳವಾರ 02:00. ಅದಕ್ಕೆ 18:40 ಕೂಡಿಸಿ, 20:40. ಅದಕ್ಕೆ 8 ಸೇರಿಸಿದರೆ ಸಿಂಗಪುರದಲ್ಲಿ ಬುಧವಾರ ಬೆಳಗಿನ ಜಾವ 4:40. ಗಡಿಯಾರದಲ್ಲಿ 30:40 ಕಂಡರೂ ಅದರಲ್ಲಿ 12 ಗಂಟೆ ಬರೀ ಸಮಯವಲಯದ ವ್ಯತ್ಯಾಸದ್ದು.

ಲೆಕ್ಕಿಗ: ಅರ್ಥವಾಯ್ತು. ನವೆಂಬರ್ ಮಧ್ಯದ ಟಿಕೆಟ್ಟಿಗೂ 12 ಕಳೆದಿದ್ದೆ.

ಗಡಿಯಾರ: ಅಲ್ಲಿ 13. ನವೆಂಬರ್ ಮೊದಲ ಭಾನುವಾರ ನ್ಯೂಯಾರ್ಕ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ, ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಕ್ಕೆ.