ಅಪ್‌ಡೇಟ್: ಕೆಂಪು ಕಾರಿನ ಕ್ಲಿಯರ್ ಕೋಟ್ ಗುಟ್ಟು ಬನಿಯನ್ ಬಟ್ಟೆಯಲ್ಲಿ ಬಯಲಾಯಿತು

ಮಡಿಕೇರಿಯಲ್ಲಿರುವ ನಮ್ಮ ಮಾವನವರ 1997ರ ಕೆಂಪು ಕಾರು ಮಂಕಾಗಿದೆ, ಅದರ ಮೂಲ ಬಣ್ಣದ ಮೇಲೆ ಕ್ಲಿಯರ್ ಕೋಟ್ (ಬಣ್ಣವನ್ನು ಕಾಪಾಡುವ ಪಾರದರ್ಶಕ ಮೇಲ್ಪದರ) ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಮಳೆ ಬಿಟ್ಟಿತು, ಕಳೆದ ಭಾನುವಾರ ಪರೀಕ್ಷೆಯೂ ಆಯಿತು.

ಕಾರು ತೊಳೆದು ಒಣಗಿಸಿ, ಹಿಂಬಾಗಿಲಿನ ಕೆಳ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹಳೆಯ ಬಿಳಿ ಬನಿಯನ್ ತುಂಡಿಗೆ ಚೂರು ಪಾಲಿಶ್ ಹಚ್ಚಿ ಉಜ್ಜಿದೆ. ನಾಲ್ಕೇ ಸುತ್ತಿಗೆ ಬಟ್ಟೆ ಕುಂಕುಮ ಒರೆಸಿದಂತಾಯಿತು. ಅಂದರೆ ಬಣ್ಣವೇ ಮೇಲ್ಪದರ, ಕ್ಲಿಯರ್ ಕೋಟ್ ಇಲ್ಲ. ಇದ್ದಿದ್ದರೆ ಬಟ್ಟೆಗೆ ಕೊಳೆ ಹತ್ತುತ್ತಿತ್ತೇ ಹೊರತು ಕೆಂಪಲ್ಲ. (ಬಿಳಿ ಕಾರಿನವರು ಕಪ್ಪು ಬಟ್ಟೆ ಬಳಸಿ.)

ಅಲ್ಲಿಗೇ ಬಿಟ್ಟಿದ್ದರೆ ಎಡವುತ್ತಿದ್ದೆ. ಬಾನೆಟ್ ಉಜ್ಜಿದರೆ ಬಣ್ಣ ಬರಲೇ ಇಲ್ಲ! ಅದರ ಅಂಚಿನಲ್ಲಿ ಪಾರದರ್ಶಕ ಸಿಪ್ಪೆಯೊಂದು ಹಾವಿನ ಪೊರೆಯಂತೆ ಎದ್ದಿತ್ತು. ತಲೆ ಕೆರೆದುಕೊಳ್ಳುತ್ತಿದ್ದಾಗ ಕಾಫಿ ಹಿಡಿದು ಬಂದ ಮಾವ, "ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ನೆಗ್ಗಿದ ಮೇಲೆ ಅದಕ್ಕೊಂದಕ್ಕೆ ಹೊಸ ಬಣ್ಣ ಹೊಡೆಸಿದ್ದೆನಲ್ಲ" ಎಂದರು. ಅಂದರೆ ಬಾನೆಟ್‌ನ ಆ ಹೊಸ ಬಣ್ಣದ ಮೇಲೆ ಮಾತ್ರ ಕ್ಲಿಯರ್ ಕೋಟ್ ಇದೆ, ಏಳುತ್ತಿರುವ ಸಿಪ್ಪೆ ಅದೇ. ಇದನ್ನು ಮೊದಲೇ ಹೇಳಬಾರದಿತ್ತೇ?

ಬಾಗಿಲುಗಳಿಗೆ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚಿದೆ, ಹೊಳಪು ಮರಳಿದೆ. ಉಜ್ಜಿದಷ್ಟೂ ಸವೆಯುವುದು ಬಣ್ಣವೇ ಆದ್ದರಿಂದ ಕೈ ಹಗುರವಾಗಿಯೇ ಇಟ್ಟಿದ್ದೆ. ಬಾನೆಟ್‌ಗೆ ಮಾತ್ರ ಪಾಲಿಶ್ ದಂಡ. ಎದ್ದ ಪದರ ಮತ್ತೆ ಅಂಟುವುದಿಲ್ಲ, ಕೆರೆದು ತೆಗೆದು ಹೊಸದಾಗಿ ಹೊಡೆಸಬೇಕು. ಮಾವ ಮುಂದಿನ ಕಾಫಿ ಕುಯ್ಲು ಮುಗಿಯಲಿ ಎನ್ನುತ್ತಿದ್ದಾರೆ.