ಎಕ್ಸೋಮ್‌ನಲ್ಲಿ ಒಂದೇ ಮ್ಯುಟೇಶನ್ ಸಿಕ್ಕಿದೆ, ಎಎಸ್‌ಒ ಔಷಧಿಗೆ ದಾರಿ ಇದೆಯೇ?

ಪ್ರಶ್ನೆ
ಮೂರು ವರ್ಷದ ಮಗು. ನಡಿಗೆ ತೂರಾಡುತ್ತದೆ, ರಕ್ತದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ಹೆಚ್ಚಿದೆ. ನಡಿಗೆಯ ಹಿಡಿತ ತಪ್ಪಿಸುವ ಆನುವಂಶಿಕ ಕಾಯಿಲೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಗುಮಾನಿ. ಆದರೆ ಎಕ್ಸೋಮ್ ವರದಿಯಲ್ಲಿ ಎಟಿಎಂ ಜೀನ್‌ನ ಒಂದೇ ಪ್ರತಿಯಲ್ಲಿ ದೋಷ ಕಂಡಿದೆ, ಅದು ತಂದೆಯಿಂದ ಬಂದದ್ದು. ಇದು ರಿಸೆಸಿವ್ (ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ) ಕಾಯಿಲೆಯಾದ್ದರಿಂದ ತಾಯಿಯಿಂದ ಬಂದ ಪ್ರತಿಯೂ ಕೆಟ್ಟಿರಬೇಕಲ್ಲ? ಮುಂದೇನು ಮಾಡಿಸಬೇಕು? ಮಿಲಾ ಎಂಬ ಒಬ್ಬ ಹುಡುಗಿಗಾಗಿಯೇ ತಯಾರಿಸಿದ ಮಿಲಾಸೆನ್‌ನಂತೆ ಒಬ್ಬರಿಗಾಗಿಯೇ ಎಎಸ್‌ಒ (ಆರ್‌ಎನ್‌ಎಗೆ ಅಂಟಿ ಅದರ ಹೆಣಿಗೆಯನ್ನು ಬದಲಿಸುವ ಸಣ್ಣ ಕೃತಕ ಎಳೆ) ಮಾಡಲು ಆಗುತ್ತದೆಯೇ?

ಉತ್ತರ 1
ಎಕ್ಸೋಮ್ ಪರೀಕ್ಷೆ ಓದುವುದು ಎಕ್ಸಾನ್‌ಗಳನ್ನು (ಜೀನ್‌ನಲ್ಲಿ ಪ್ರೋಟೀನ್‌ನ ಸೂಚನೆಯಿರುವ ತುಂಡುಗಳನ್ನು) ಮತ್ತು ಅವುಗಳ ಅಂಚನ್ನು ಮಾತ್ರ. ಅವುಗಳ ನಡುವಿನ, ಆರ್‌ಎನ್‌ಎ ಹೆಣೆಯುವಾಗ ಕತ್ತರಿಸಿ ತೆಗೆಯುವ ಇಂಟ್ರಾನ್‌ನ ಒಳಗೆ ಕೂತ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಮಗು, ತಂದೆ, ತಾಯಿ ಮೂವರದ್ದೂ ಹೋಲ್ ಜೀನೋಮ್ ಸೀಕ್ವೆನ್ಸಿಂಗ್ (ಇಡೀ ಡಿಎನ್‌ಎ ಓದುವ ಪರೀಕ್ಷೆ) ಮಾಡಿಸಿ, ಸರಾಸರಿ 30 ಪಟ್ಟು ಆಳ ಇರಲಿ, ಅಂದರೆ ಪ್ರತಿ ಜಾಗವನ್ನೂ ಸುಮಾರು 30 ಸಲ ಓದಿರಲಿ. ಎಟಿಎಂ ಇಂಟ್ರಾನ್‌ಗಳು, ಡಿಲೀಶನ್ (ತುಂಡು ಬಿಟ್ಟುಹೋಗುವುದು), ರೆಟ್ರೊಟ್ರಾನ್ಸ್‌ಪೋಸನ್ (ನಕಲಾಗಿ ಬೇರೆಡೆ ಹೋಗಿ ಕೂರುವ ಡಿಎನ್‌ಎ ತುಂಡು) ಸೇರ್ಪಡೆ ಇವನ್ನೆಲ್ಲ ನೋಡಬೇಕೆಂದು ಲ್ಯಾಬ್‌ಗೆ ಬರೆದೇ ಕೊಡಿ. ಹೇಳದಿದ್ದರೆ ಮಾಮೂಲಿ ಫಿಲ್ಟರ್‌ನಲ್ಲಿ ಅವು ಕಳೆದುಹೋಗುತ್ತವೆ.

ಜೊತೆಗೆ ಆರ್‌ಎನ್‌ಎ ಪರೀಕ್ಷೆ ಬೇಕೇ ಬೇಕು. ತಪ್ಪಾಗಿ ಹೆಣೆದ ಆರ್‌ಎನ್‌ಎಯನ್ನು ಜೀವಕೋಶ ಬಹುಪಾಲು ಒಡೆದು ಹಾಕುವುದರಿಂದ, ಸುಮ್ಮನೆ ನೋಡಿದರೆ ಎಲ್ಲ ಸರಿಯಿರುವಂತೆ ಕಾಣಬಹುದು. ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬೆಳೆಸಿ, ಒಂದು ಪಾಲಿಗೆ ಆ ಒಡೆಯುವಿಕೆಯನ್ನು ತಡೆಯುವ ಸೈಕ್ಲೊಹೆಕ್ಸಿಮೈಡ್ ಅನ್ನು ಕೆಲವು ಗಂಟೆ ಹಾಕಿ, ಹಾಕದ ಪಾಲಿನೊಂದಿಗೆ ಹೋಲಿಸಬೇಕು. ಉಳಿದ ಕೋಶಗಳನ್ನು ಫ್ರೀಜ್ ಮಾಡಿಡಿ. ಎಎಸ್‌ಒ ಪರೀಕ್ಷಿಸಲು ಅವೇ ಬೇಕಾಗುತ್ತವೆ.

ಇನ್ನೊಂದು ಮಾತು: ಈ ಕಾಯಿಲೆಯಲ್ಲಿ ವಿಕಿರಣ ತಡೆಯುವ ಶಕ್ತಿ ಕಡಿಮೆ. ತೀರಾ ಅಗತ್ಯವಿಲ್ಲದ ಎಕ್ಸ್‌ರೇ, ಸಿಟಿ ಬೇಡ. ತಾಯಿ ವಾಹಕಿ ಎಂದು ಖಚಿತವಾದರೆ ಅವರಿಗೆ ಸ್ತನ ಕ್ಯಾನ್ಸರ್ ತಪಾಸಣೆಯ ಸಲಹೆಯೂ ಬೇಕು.

ಉತ್ತರ 2
ಎಎಸ್‌ಒ ಆಗುತ್ತದೋ ಇಲ್ಲವೋ ಎಂಬುದು ಕಾಯಿಲೆಯ ಹೆಸರಿನ ಮೇಲಲ್ಲ, ಮ್ಯುಟೇಶನ್‌ನ ಬಗೆಯ ಮೇಲೆ ನಿಂತಿದೆ. ಇಂಟ್ರಾನ್‌ನೊಳಗೆ ಹೊಸ ಸ್ಪ್ಲೈಸ್ ಜಾಗ (ಆರ್‌ಎನ್‌ಎಯನ್ನು ಕತ್ತರಿಸಿ ಹೆಣೆಯುವ ಜಾಗ) ಹುಟ್ಟಿ, ಬೇಡದ ತುಂಡು ಆರ್‌ಎನ್‌ಎಗೆ ಸೇರುತ್ತಿದ್ದರೆ ಒಳ್ಳೆಯ ಅವಕಾಶ: ಆ ಜಾಗವನ್ನು ಮುಚ್ಚಿದರೆ ಸಹಜ ಆರ್‌ಎನ್‌ಎ ಮತ್ತೆ ಬರುತ್ತದೆ. ಮೂಲ ಸ್ಪ್ಲೈಸ್ ಜಾಗದ ಮೊದಲ ಎರಡು ಅಕ್ಷರಗಳೇ ಹಾಳಾಗಿದ್ದರೆ ಸಾಮಾನ್ಯವಾಗಿ ಆಗುವುದಿಲ್ಲ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಇದೇ ಕಾಯಿಲೆಯ 235 ಜನರ ಜೀನೋಮ್ ನೋಡಿದಾಗ ಶೇ. 9ರಷ್ಟು ಮಂದಿಗೆ ಎಎಸ್‌ಒ ಹೊಂದುವ ಸಂಭವ ಹೆಚ್ಚು, ಇನ್ನೂ ಶೇ. 6ರಷ್ಟು ಮಂದಿಗೆ ಹೊಂದಿದರೂ ಹೊಂದಬಹುದು ಎಂದು ಕಂಡಿತು.

ಉತ್ತರ 3
ದಾರಿ ತೆರೆದರೂ ಮಿತಿಗಳನ್ನು ಮನೆಯವರಿಗೆ ಮೊದಲೇ ಹೇಳಿ. ಎಎಸ್‌ಒ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಬೆನ್ನುಹುರಿಯ ದ್ರವಕ್ಕೇ ಚುಚ್ಚಬೇಕು, ಅದೂ ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ. ಹಾಗೆ ಕೊಟ್ಟದ್ದು ರೋಗನಿರೋಧಕ ಶಕ್ತಿಯ ಕೊರತೆಗಾಗಲಿ ರಕ್ತದ ಕ್ಯಾನ್ಸರ್ ಅಪಾಯಕ್ಕಾಗಲಿ ಮದ್ದಲ್ಲ. ನಡಿಗೆಯ ಹಿಡಿತ ನೋಡಿಕೊಳ್ಳುವ, ಕಿರುಮಿದುಳಿನ ಸತ್ತ ಪರ್ಕಿಂಜೆ ಕೋಶಗಳೂ ಮರಳಿ ಬರುವುದಿಲ್ಲ, ಅದಕ್ಕೇ ಬೇಗ ಪತ್ತೆಯಾಗಬೇಕು. ಮಿಲಾಸೆನ್ ಕೊಟ್ಟಾಗಲೂ ಫಿಟ್ಸ್ ಕಡಿಮೆಯಾದವು, ಕಾಯಿಲೆ ನಿಲ್ಲಲಿಲ್ಲ.

ಕೆಸಿಎನ್‌ಟಿ1 ಎಂಬ ಬೇರೊಂದು ಜೀನ್‌ಗೆಂದು ಮಾಡಿದ ಎಎಸ್‌ಒ ಪಡೆದ ಮಕ್ಕಳಲ್ಲಿ ಹೈಡ್ರೊಕೆಫಲಸ್ (ಮಿದುಳಿನಲ್ಲಿ ದ್ರವ ತುಂಬಿಕೊಳ್ಳುವುದು) ಕಾಣಿಸಿಕೊಂಡಿದೆ. ಆದ್ದರಿಂದ ಮೊದಲ ಡೋಸ್‌ಗೂ ಮುನ್ನ ಮಿದುಳಿನ ಎಂಆರ್‌ಐ ಮತ್ತು ಬೆನ್ನುಹುರಿಯ ದ್ರವದ ಪ್ರೋಟೀನ್, ಕೋಶಗಳ ಎಣಿಕೆ ತೆಗೆದಿಟ್ಟುಕೊಳ್ಳಿ. ಸಣ್ಣ ಡೋಸ್‌ನಿಂದ ಶುರುಮಾಡಿ ಹಂತಹಂತವಾಗಿ ಏರಿಸಬೇಕು. ನಡಿಗೆಯನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತೀರಿ, ಯಾವ ಹಂತದಲ್ಲಿ ಔಷಧಿ ನಿಲ್ಲಿಸುತ್ತೀರಿ ಎಂಬುದನ್ನೂ ಆಗಲೇ ಬರೆದಿಡಿ.