ಸ್ಪೀಕರ್‌ನಲ್ಲಿ ಗುಂಯ್ ಸದ್ದು: ಯಾರಿಗಾದರೂ ಪೂರ್ತಿ ಹೋಗಿದೆಯಾ?

ಸಾಗರದ_ಸಂಗೀತ: ಮನೆಯಿಂದ ಆನ್‌ಲೈನ್ ಸಂಗೀತ ಪಾಠ ಮಾಡುತ್ತೇನೆ. ಲ್ಯಾಪ್‌ಟಾಪ್, ಮೈಕು ಸ್ಪೀಕರನ್ನು ಅದಕ್ಕೆ ಜೋಡಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಒಳಗೇ ಆಂಪ್ಲಿಫೈಯರ್ ಇರುವ ಎರಡು ಪವರ್ಡ್ ಸ್ಪೀಕರ್. ಒಂದು ತಿಂಗಳಿಂದ ಗುಂಯ್ ಅನ್ನುತ್ತಿದೆ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ, ಹಾಕಿದರೆ ಮತ್ತೆ ಶುರು. ಬ್ಯಾಟರಿ 40 ನಿಮಿಷ ಬಂದರೆ ಹೆಚ್ಚು, ಪಾಠ ಒಂದು ಗಂಟೆ. ಬಾಡಿಗೆ ಮನೆ. ಸಾವಿರ ರೂಪಾಯಿ ಒಳಗೆ ಏನಾದರೂ ದಾರಿ ಇದೆಯಾ? ನಿಮ್ಮ ಅನುಭವ ಹೇಳಿ.

ಪಾಡ್‌ಕಾಸ್ಟ್_ಪುಟ್ಟ: ಅಯ್ಯೋ, ನನ್ನ ಕತೆ ಕೇಳಿ. ಮೊದಲು ಕೇಬಲ್ ಬದಲಿಸಿದೆ, 1,850. ಹೋಗಲಿಲ್ಲ. ಒಳ್ಳೆ ಸ್ಪೈಕ್ ಬಸ್ಟರ್, 1,400. ಹೋಗಲಿಲ್ಲ. ಯಾರೋ ಕರೆಂಟಿನ ಗದ್ದಲ ಸೋಸುವ ಪವರ್ ಕಂಡಿಷನರ್ ತಗೊಳ್ಳಿ ಅಂದರು, 11,500 ಕೊಟ್ಟೆ. ಮನೆಯಲ್ಲಿ ಬೆಲೆ 3,000 ಅಂತ ಹೇಳಿದ್ದೆ, ಬಿಲ್ ಸಿಕ್ಕಿಬಿತ್ತು. ಅದು ಬೇರೆ ಗಲಾಟೆ. ಸದ್ದು ಮಾತ್ರ ಇದ್ದಲ್ಲೇ ಇತ್ತು. ಒಂದು ರಾತ್ರಿ ಎಡಿಟ್ ಮಾಡುತ್ತಾ ಕೂತಿದ್ದೆ. ಅಮ್ಮ ಬಂದು ಸೆಕೆ ಅಂತ ಫ್ಯಾನ್ ಎರಡರಿಂದ ಐದಕ್ಕೆ ತಿರುಗಿಸಿದರು. ಸದ್ದು ಮಾಯ! ಮತ್ತೆ ಎರಡಕ್ಕೆ ತಂದೆ, ಜರ್ರ್ ಅಂತ ವಾಪಸ್. ಹತ್ತು ಸಲ ತಿರುಗಿಸಿ ನೋಡಿದೆ. ಹಳೇ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಗದ್ದಲ ಅಲ್ಲೇ ಹುಟ್ಟುವುದು. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ. 280 ರೂಪಾಯಿ. ಕಂಡಿಷನರ್ ಇನ್ನೂ ಟೇಬಲ್ ಕೆಳಗಿದೆ, ಮಾರಲು ಮನಸ್ಸಿಲ್ಲ. ಮೊದಲು ಫ್ಯಾನ್ ನೋಡಿ.

ಹಾಸನದ_ಮೇಷ್ಟ್ರು: ಜರ್ರ್ ಬೇರೆ, ಗುಂಯ್ ಬೇರೆ. ಅವರು ಬರೆದಿದ್ದು ಗುಂಯ್. ಪೂರ್ತಿ ಓದಿ ಉತ್ತರ ಕೊಡುವ ಅಭ್ಯಾಸ ಮಾಡಿಕೊಳ್ಳಿ. ನಮ್ಮನೆಯಲ್ಲಿ ಅರ್ಥಿಂಗೇ ಇರಲಿಲ್ಲ. ಸ್ವಿಚ್ ಬೋರ್ಡಿನಲ್ಲಿ ಮೂರು ತೂತು, ಬಿಚ್ಚಿದರೆ ಒಳಗೆ ಎರಡೇ ವೈರ್! 22 ವರ್ಷ ಹಾಗೇ ಇದ್ದೆವು. ಲ್ಯಾಪ್‌ಟಾಪ್ ಮೇಲೆ ಕೈ ಇಟ್ಟರೆ ಇರುವೆ ಹರಿದ ಹಾಗೆ ಜುಮ್ ಅನ್ನುತ್ತಿತ್ತು. ಹಿತ್ತಲಲ್ಲಿ ಎಂಟು ಅಡಿ ಗುಂಡಿ ತೆಗೆಸಿ, ಜಿಐ ಪೈಪ್ ಇಳಿಸಿ, ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿದೆ. ಗುಂಡಿಗೆ 2,200, ಪೈಪು ತಂತಿಗೆ 3,100, ರೂಮಿಗೆ ಹೊಸ ವೈರ್ ಎಳೆದಿದ್ದಕ್ಕೆ 1,900. ಪೈಪ್ ಇಳಿಸಿದ ಮೇಲೆ ಮೀಟರ್ ಹಿಡಿದರೆ ಪೈಪಿಗೂ ನ್ಯೂಟ್ರಲ್‌ಗೂ 19 ವೋಲ್ಟ್ ತೋರಿಸಿತ್ತು. ಆಗ ಗೊತ್ತಾಯಿತು, ಬೋರ್ಡಿನ ನ್ಯೂಟ್ರಲ್ ಜಾಯಿಂಟ್ ಸಡಿಲ. ಬಿಗಿ ಮಾಡಿಸಿದ ಮೇಲೆ 2. ಬೇಸಿಗೆಯಲ್ಲಿ ವಾರಕ್ಕೆ ಎರಡು ಬಕೆಟ್ ನೀರು ಹಾಕುತ್ತೇನೆ. ಸದ್ದೂ ಇಲ್ಲ, ಜುಮ್ಮೂ ಇಲ್ಲ.

ಪಾಡ್‌ಕಾಸ್ಟ್_ಪುಟ್ಟ: ಮೇಷ್ಟ್ರೇ, ಬಾಡಿಗೆ ಮನೆಯಲ್ಲಿ ಗುಂಡಿ ತೋಡುವುದಾ? ನೀವೂ ಪೂರ್ತಿ ಓದಿಲ್ಲ.

ಹುಬ್ಬಳ್ಳಿ_ಹಾರ್ಮೋನಿಯಂ: ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? 20 ರೂಪಾಯಿಗೆ ಟೂ ಪಿನ್ ಕನ್ವರ್ಟರ್ ಸಿಗುತ್ತದೆ. ಸ್ಪೀಕರ್ ಪ್ಲಗ್ಗಿಗೆ ಹಾಕಿದೆ, ಅರ್ಥ್ ಕಟ್, ಸದ್ದು ಬಂದ್. ಮೂರು ವರ್ಷ ಆಯಿತು, ಏನೂ ಆಗಿಲ್ಲ.

ಪೆಂಡಾಲ್_ಮೈಕ್‌ಸೆಟ್: ಏನೂ ಆಗಿಲ್ಲ ಅಂತೆ. ನನಗೆ ಆಗಿದೆ. ಗಣಪತಿ ಪೆಂಡಾಲ್, ಮಳೆ ಬಂದು ನೆಲ ಒದ್ದೆ, ಆಂಪ್ಲಿಫೈಯರಿಗೆ ಇಂಥದ್ದೇ ಕನ್ವರ್ಟರ್. ಒಳಗೆ ಎಲ್ಲೋ ವೈರ್ ಅದರ ಲೋಹದ ಡಬ್ಬಿಗೆ ತಾಗಿತ್ತು. ಟೆಸ್ಟಿಂಗ್ ಅನ್ನಲು ಮೈಕಿಗೆ ಬಾಯಿ ಹತ್ತಿರ ತಂದೆ, ತುಟಿಗೆ ಹೊಡೆಯಿತು. ಹಿಂದೆ ಬಿದ್ದೆ. ನಾಲಿಗೆ ಎರಡು ದಿನ ಜೋಮು ಹಿಡಿದಿತ್ತು. 230 ವೋಲ್ಟ್ ರೀ ಅದು! ಆ ದಪ್ಪ ಪಿನ್ ಇರುವುದೇ ಅದಕ್ಕೆ. ಡಬ್ಬಿಗೆ ಕರೆಂಟ್ ಇಳಿದರೆ ಅರ್ಥ್ ದಾರಿ ಹಿಡಿಯಬೇಕು, ನಿಮ್ಮ ಮೈ ದಾರಿ ಅಲ್ಲ. ಮಕ್ಕಳಿಗೆ ಪಾಠ ಮಾಡುವವರಿಗೆ ಇದನ್ನಾ ಹೇಳುವುದು?

ಹುಬ್ಬಳ್ಳಿ_ಹಾರ್ಮೋನಿಯಂ: ನಿಮ್ಮದು ಹಳೇ ಆಂಪ್ಲಿಫೈಯರ್. ನನ್ನದು ಹೊಸ ಸ್ಪೀಕರ್.

ಪೆಂಡಾಲ್_ಮೈಕ್‌ಸೆಟ್: ಅದೂ ಹಳೇದಾಗುತ್ತದೆ.

ಬೆಸುಗೆ_ಕಡ್ಡಿ: ಇಬ್ಬರೂ ನಿಲ್ಲಿಸಿ. ಇದು ಗ್ರೌಂಡ್ ಲೂಪ್. ಚಾರ್ಜರಿನ ಅರ್ಥ್ ಒಂದು ಕಡೆ, ಸ್ಪೀಕರಿನ ಅರ್ಥ್ ಇನ್ನೊಂದು ಕಡೆ, ನಡುವೆ ಆಡಿಯೊ ಕೇಬಲ್‌ನ ಶೀಲ್ಡ್, ಅಂದರೆ ಹೊರಸುತ್ತಿನ ತಂತಿ ಜಾಲ. ಎರಡು ಅರ್ಥ್ ನಡುವೆ ಚೂರು ವ್ಯತ್ಯಾಸ ಇದ್ದರೂ ಶೀಲ್ಡಿನಲ್ಲಿ ಕರೆಂಟ್ ಹರಿಯುತ್ತದೆ, 50 ಹರ್ಟ್ಜ್, 100 ಹರ್ಟ್ಜ್ ಕೇಳಿಸುತ್ತದೆ. ಪುಟ್ಟ ಅವರ ಕಂಡಿಷನರ್ ಈ ಸುತ್ತನ್ನು ಕಡಿಯುವುದೇ ಇಲ್ಲ. ಸುಮ್ನೆ ದುಡ್ಡು ದಂಡ. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಾರ್ ಸ್ಟಿರಿಯೊಗೆ ಹಾಕುವ ಐಸೊಲೇಟರ್ ತಂದೆ, 350. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಸದ್ದು ನಿಂತಿತು, ಜೊತೆಗೆ ಬೇಸೂ ಹೋಯಿತು. ಮೃದಂಗದ ಎಡಗಡೆ ತಗಡು ಬಡಿದ ಹಾಗೆ. ಶೀಲ್ಡಿನ ಸಂಪರ್ಕ ಬಿಡಿಸುವ ಸ್ವಿಚ್ (ಗ್ರೌಂಡ್ ಲಿಫ್ಟ್) ಇರುವ, ನಡುವೆ ಜೋಡಿಸುವ ಡಿಐ ಬಾಕ್ಸ್ ಎರಡು ತಂದೆ, 5,200. ಒಂದು ತಿಂಗಳ ಮೇಲೆ ನೋಡಿದರೆ ಇಂಟರ್‌ಫೇಸ್, ಸ್ಪೀಕರ್ ಎರಡರಲ್ಲೂ ಬ್ಯಾಲೆನ್ಸ್ಡ್ ಜಾಕ್ ಇದೆ! ಅದರಲ್ಲಿ ಸಿಗ್ನಲ್ಲಿಗೆ ಎರಡು ತಂತಿ, ಶೀಲ್ಡ್ ಬೇರೆ; ಎರಡಕ್ಕೂ ಸಮನಾಗಿ ಸೇರಿದ ಗದ್ದಲ ಕಳೆದುಹೋಗುತ್ತದೆ. ನಾನು ಒಂದೇ ತಂತಿ, ಶೀಲ್ಡ್ ಇರುವ ಆರ್‌ಸಿಎ ಕೇಬಲ್ ಹಾಕಿಕೊಂಡು ಕೂತಿದ್ದೆ. ಬ್ಯಾಲೆನ್ಸ್ಡ್ ಜಾಕಿಗೆ ಹಾಕುವ ಟಿಆರ್‌ಎಸ್ ಕೇಬಲ್ ನಾನೇ ಬೆಸುಗೆ ಹಾಕಿದೆ. ಎರಡಕ್ಕೂ ಸೇರಿ 640. ಸದ್ದು ಸೊನ್ನೆ. ಸಾಗರದವರೇ, ನಿಮ್ಮದು ಯಾವ ಕೇಬಲ್?

ಪಾಡ್‌ಕಾಸ್ಟ್_ಪುಟ್ಟ: 5,200 ದಂಡ ಮಾಡಿದವರು ನನಗೆ ಹೇಳುವುದಾ? ಸರಿ ಬಿಡಿ.

ಮೈಸೂರು_ತಂಬೂರಿ: ನಾನು ಏನೂ ಕೊಳ್ಳಲಿಲ್ಲ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ, ನನ್ನ ದನಿ ಬಾವಿಯೊಳಗಿಂದ ಬಂದ ಹಾಗಾಯಿತು. ತೆಗೆದುಬಿಟ್ಟೆ. ಈಗ ಆ ಗುಂಯ್‌ಗೆ ಶ್ರುತಿ ಸೇರಿಸಿ ಹಾಡುತ್ತೇನೆ. ಸರಿಯಾಗಿ ಐದೂವರೆ ಮನೆ ಶ್ರುತಿ.

ಬೆಸುಗೆ_ಕಡ್ಡಿ: ಐದೂವರೆ ಅಲ್ಲ. 100 ಹರ್ಟ್ಜ್ ಐದಕ್ಕೂ ಐದೂವರೆಗೂ ನಡುವೆ ಬರುತ್ತದೆ. ಐದು ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ, 98; ಐದೂವರೆ ಅದರ ಮುಂದಿನ ಕಪ್ಪು ಮನೆ, ಹತ್ತಿರ ಹತ್ತಿರ 104.

ಮೈಸೂರು_ತಂಬೂರಿ: 30 ವರ್ಷದಿಂದ ಹಾಡುತ್ತಿದ್ದೇನೆ. ನನ್ನ ಕಿವಿಗೆ ಮೀಟರ್ ಬೇಡ.

ಹುಬ್ಬಳ್ಳಿ_ಹಾರ್ಮೋನಿಯಂ: ಐದೂವರೆ ಅಂದರೆ ಏನ್ರೀ? ನಾಲ್ಕನೇ ಕಪ್ಪು ಮನೆ, ಕಾಳಿ ಚಾರ್ ಅನ್ನಿ, ಎಲ್ಲರಿಗೂ ಗೊತ್ತಾಗುತ್ತದೆ.

ಮೈಸೂರು_ತಂಬೂರಿ: ಎಲ್ಲರಿಗೂ ಅಂದರೆ ಧಾರವಾಡದ ಆಚೆಗೆ. ನಮ್ಮ ಕಡೆ ಪಾಠ ಕಲಿತ ಮಗುವಿಗೂ ಐದೂವರೆ ಅಂದರೆ ಗೊತ್ತು.

ಹಾಸನದ_ಮೇಷ್ಟ್ರು: ಕೇಳಿದ್ದು ಸದ್ದು ಹೋಗುವುದು ಹೇಗೆ ಅಂತ. ಅಂದಹಾಗೆ ಉಪ್ಪು ಜಾಸ್ತಿ ಆದರೆ ಪೈಪ್ ತುಕ್ಕು ಹಿಡಿಯುತ್ತದೆ, ಅದನ್ನು ಬರೆಯಲು ಮರೆತೆ.

ಸಾಗರದ_ಸಂಗೀತ: ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿ ಅವರು ಎರಡು ಅರ್ಥ್ ಅಂದಿದ್ದು ನೋಡಿ ಬಗ್ಗಿ ಹುಡುಕಿದೆ. ಚಾರ್ಜರ್ ಕಿಟಕಿ ಕಡೆ ಬೋರ್ಡಿಗೆ, ಸ್ಪೀಕರ್ ಬಾಗಿಲ ಕಡೆ ಬೋರ್ಡಿಗೆ. ಕಳೆದ ತಿಂಗಳು ಟೇಬಲ್ ಸರಿಸಿದಾಗ ನಾನೇ ಹಾಗೆ ಮಾಡಿದ್ದು. ಈಗ ಎರಡನ್ನೂ ಒಂದೇ ತ್ರೀ ಪಿನ್ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದೆ. ಮುಕ್ಕಾಲು ಪಾಲು ಸದ್ದು ಹೋಯಿತು. ಕೇಬಲ್ ನೋಡಿದರೆ ನನ್ನದೂ ಆರ್‌ಸಿಎನೇ. ಶನಿವಾರ ಶಿವಮೊಗ್ಗಕ್ಕೆ ಹೋದಾಗ ಟಿಆರ್‌ಎಸ್ ತರುತ್ತೇನೆ. ನನ್ನ ಶ್ರುತಿ ಐದು, ಹಾಗಾಗಿ ಈ ಗುಂಯ್ ಒಂಚೂರು ಮೇಲಿದೆ ಅಂತ ಮೊದಲ ದಿನದಿಂದಲೂ ಅನಿಸುತ್ತಿತ್ತು.

ಹುಬ್ಬಳ್ಳಿ_ಹಾರ್ಮೋನಿಯಂ: ಸಫೇದ್ ಪಾಂಚ್ ಅನ್ನಿ.